ಹುಟ್ಟುಹಬ್ಬಕ್ಕೆ ಬಂದ ಆಯಿ

ಆಯಿಯ ಬಲಗೈ ಹೆಬ್ಬೆರಳು ನೆಟ್ಟಗಿರಲಿಲ್ಲ. ಗೆಣ್ಣಿನಿಂದ ಹೊರಕ್ಕೆ ಬಾಗಿ, ಉಗುರು ಅರ್ಧಕ್ಕೇ ನಿಂತುಬಿಟ್ಟಿತ್ತು. ಗೋರೆಗಾಂವ್‌ನಲ್ಲಿ ನಮ್ಮ ಕಾಲನಿಯ ಹಿಂದಿನ ಸಾಲು ಬಿಲ್ಡಿಂಗುಗಳು ಏಳುತ್ತಿದ್ದ ಕಾಲಕ್ಕೆ ಆಕೆ ಅಲ್ಲಿ ಕಲ್ಲು ಹೊರುತ್ತಿದ್ದಳಂತೆ. ಒಂದು ದಿನ ಕಲ್ಲು ಕೈಮೇಲೆ ಬಿತ್ತು. ಮೂಳೆ ಕೂಡಿಕೊಂಡಾಗ ಬೆರಳು ತನಗೆ ಬೇಕಾದ ಕಡೆ ತಿರುಗಿಕೊಂಡಿತು. ಆ ಸೊಟ್ಟ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕೂಸಿನ ಕತ್ತು ಎಷ್ಟು ಸರಿಯಾಗಿ ಕೂರುತ್ತಿತ್ತೆಂದರೆ, ಹುಟ್ಟಿದಾಗಿನಿಂದ ನನ್ನ ಕೈಯಲ್ಲಿ ಬಿಕ್ಕುತ್ತಲೇ ಇದ್ದ ಮಗಳು ಮೊದಲ ದಿನವೇ ಅಲ್ಲಿ ಸುಮ್ಮನಾದಳು.

ಆಯಿ ನಮ್ಮ ಮನೆಗೆ ಬಂದದ್ದು ಕೂಸಿಗೆ ನೀರೆರೆಯಲು. ನನಗೆ ಹೊಟ್ಟೆ ಕೊಯ್ದು ಹೆರಿಗೆಯಾಗಿತ್ತು. ಧಾರವಾಡದಲ್ಲಿ ನನ್ನ ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡನ ರಜೆ ಒಂದೇ ವಾರದಲ್ಲಿ ಮುಗಿಯಿತು. ಅತ್ತೆಯವರಿಗೆ ಕೈಬೆರಳುಗಳ ಸಂದು ನೋವು, ಹಸಿ ಕೂಸನ್ನು ಎತ್ತಿಕೊಳ್ಳಲು ಭಯ. ನಾನು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದು ಅತ್ತಾಗ ನಾನೂ ಅಳುತ್ತ ಕೂತಿರುತ್ತಿದ್ದೆ. ಕೆಳಗಿನ ವಾಚ್‌ಮನ್ ನಮ್ಮ ಭಾಷೆ ಕೇಳಿ, "ನಿಮ್ಮ ಕಡೆಯವಳೇ ಒಬ್ಬಳಿದ್ದಾಳೆ" ಎಂದು ಮರಾಠಿಯಲ್ಲಿ ಹೇಳಿ ಮರುದಿನವೇ ಕಳಿಸಿದ. ವಿಜಯಪುರದ ಇಂಡಿ ಕಡೆಯವಳು. ಗುಡ್ಡದ ಬದಿಯ ಚಾಳಿನಲ್ಲಿ ಒಂದು ಖೋಲಿ, ಒಬ್ಬಳೇ. ಮಗ ಸೋಲಾಪುರದಲ್ಲಿ ಟೆಂಪೋ ಓಡಿಸುತ್ತಿದ್ದ.

ನಮ್ಮ ಬಾತ್‌ರೂಮು ಎಷ್ಟು ಚಿಕ್ಕದೆಂದರೆ, ಆಯಿ ಮಣೆಯ ಮೇಲೆ ಕೂತು ಕಾಲು ಚಾಚಿದರೆ ಹಿಮ್ಮಡಿ ಹೊಸ್ತಿಲು ದಾಟಿ ಹಾಲಿಗೆ ಬರುತ್ತಿತ್ತು. ಬಾಗಿಲು ಹಾಕುವಂತಿರಲಿಲ್ಲ. ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು, ಬಿಸಿನೀರಿನ ತಂಬಿಗೆ ಎತ್ತಿ, ದೊಡ್ಡವರೊಡನೆ ಮಾತಾಡುವಂತೆ ಮಾತಾಡುತ್ತಿದ್ದಳು. "ಬರ್ರಿ ಬಾಯಾರ. ನೀರು ಕಾದಾವು. ಸಿಟ್ಟಾಗಬ್ಯಾಡ್ರಿ." ನನಗೆ ಏಕವಚನ, ಕೂಸಿಗೆ ಬಹುವಚನ. ಗಂಡುಕೂಸಾದರೆ ಸಾಹೇಬ್ರು, ಹೆಣ್ಣಾದರೆ ಬಾಯಾರು. ನಾನೂ ಆಕೆಯನ್ನು "ನೀ" ಎಂದೇ ಕರೆಯುತ್ತಿದ್ದೆ. ನಮ್ಮ ಕಡೆ ಅಜ್ಜಿಗೆ ಹಾಗೇ ಅನ್ನುತ್ತೇವೆ. ಅಜ್ಜಿಯೆಂದು ಅನ್ನುತ್ತಿದ್ದೆನೋ, ಮನೆಗೆಲಸಕ್ಕೆ ಬಂದವಳೆಂದು ಅನ್ನುತ್ತಿದ್ದೆನೋ, ಈಗ ಕೇಳಿಕೊಂಡರೆ ಖಂಡಿತವಾಗಿ ಹೇಳಲಾರೆ.

ಎರೆದ ಮೇಲೆ ಲೋಬಾನದ ಹೊಗೆ. ಒಮ್ಮೆ ಸೊಸೈಟಿಯ ಸೆಕ್ರೆಟರಿ ಏನೋ ಸುಡುತ್ತಿದೆಯೆಂದು ಓಡಿ ಬಂದರು. ಆಯಿ ಕೂಸನ್ನು ಅವರ ಮುಂದೆ ಹಿಡಿದು, "ನೋಡ್ರಿ, ಇವರ ನೆತ್ತಿ ಮೂಸ್ರಿ" ಎಂದಳು. ಅವರಿಗೆ ಕನ್ನಡ ಬಾರದು. ಆದರೂ ಬಗ್ಗಿ ಮೂಸಿ, ಹೊರಟುಹೋದರು.

ಕೂಸಿನ ಅಳು ನನ್ನನ್ನು ಬೈದಂತೆ ಕೇಳುತ್ತದೆ ಎಂದು ಒಂದು ದಿನ ಆಕೆಯ ಮುಂದೆ ಬಾಯಿಬಿಟ್ಟು ಹೇಳಿದೆ. ಯಾರ ಮುಂದೆಯೂ ಹೇಳಿರಲಿಲ್ಲ. ಆಯಿ ಕೂಸಿನ ಕಿವಿಯಲ್ಲಿನ ನೀರು ಒರೆಸುತ್ತ, "ಬಾಯಾರು ನಿನ್ನ ಯಾಕ ಬೈತಾರ ಯವ್ವಾ? ಅವರಿಗೆ ನೀ ಬಿಟ್ರ ಯಾರು ಗೊತ್ತು? ಗೊತ್ತಿದ್ದವರ ಮುಂದ ಅಳತಾರ" ಎಂದಳು. ಆ ಮಾತಿನ ಮೇಲೆ ನಾನು ಎಷ್ಟೋ ದಿನ ದೂಡಿದೆ.

ಮಗಳಿಗೆ ಐದು ತಿಂಗಳಾಗುವ ಹೊತ್ತಿಗೆ ಮಾವನವರಿಗೆ ಎಪ್ಪತ್ತೈದು ತುಂಬುವುದಿತ್ತು. ಅವರು ನೌಕರಿಯುದ್ದಕ್ಕೂ ದಾದರ್‌ನ ಆಫೀಸಿನಲ್ಲಿ ಮನೆಯ ಡಬ್ಬಿ ಉಂಡವರು. ಏನು ಬೇಕೆಂದು ಕೇಳಿದರೆ, "ನನಗೇನೂ ಬ್ಯಾಡ. ಎಲ್ಲಾರೂ ಒಂದು ಸಲ ಹೊರಗ ಕೂತು ಊಟ ಮಾಡೋಣು. ಕೂಸು ನನ್ನ ಬಾಜೂಕ ಇರಬೇಕು" ಎಂದರು. ಹೋಟೆಲ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ವಾರ ಹುಡುಕಿದೆ. ಮಾವನವರಿಗೆ ಮೊಣಕಾಲು ನೋವು, ಮೆಟ್ಟಿಲು ಆಗದು. ಅತ್ತೆಯವರಿಗೆ ಶುದ್ಧ ಸಸ್ಯಾಹಾರದ ಹೋಟೆಲೇ ಆಗಬೇಕು. ದಾದರ್‌ನಿಂದ ಬರುವ ನಾದಿನಿ ಮತ್ತು ಅವಳ ಗಂಡನಿಗೆ ದೂರವಾಗಬಾರದು. ನನಗೆ ಕೂಸಿಗೆ ಹಾಲು ಕೊಡಲು ಒಂದು ಮರೆ ಬೇಕು. ಒಂದು ಕಡೆ ಫೋನಿನಲ್ಲಿ, "ಬೇಬಿ ಗಾಡಿ ಒಳಗೆ ಬಿಡುವುದಿಲ್ಲ" ಎಂದರು. ಇನ್ನೊಂದು ಕಡೆ, ಭಾನುವಾರ ಮಧ್ಯಾಹ್ನ ಡಿಜೆ ಇರುತ್ತದೆ, ಬೇಬಿ ಇಲ್ಲದಿದ್ದರೆ ಒಳ್ಳೆಯದು ಎಂದರು. ಹಾಲು ಕೊಡಲು ಜಾಗವಿದೆಯೇ ಎಂದು ಕೇಳಿದ್ದಕ್ಕೆ ಒಬ್ಬರು ವಾಶ್‌ರೂಮಿನ ಕನ್ನಡಿಯ ಪಕ್ಕ ನಿಲ್ಲಬಹುದೆಂದರು. ಗೋರೆಗಾಂವ್‌ನಲ್ಲೇ ಒಂದನ್ನು ನೋಡಿಬರೋಣವೆಂದು ಕೂಸನ್ನೂ ಆಯಿಯನ್ನೂ ಕರೆದುಕೊಂಡು ರಿಕ್ಷಾದಲ್ಲಿ ಹೋದೆ. ಬಾಗಿಲು ತೆರೆದರೆ ಏಣಿಯಂಥ ಮೆಟ್ಟಿಲು. ಆಯಿ ಕತ್ತೆತ್ತಿ ನೋಡಿ, "ಇದನ್ನ ಹತ್ತಿದ್ರ ನಿಮ್ಮ ಮಾವಾರ ಹುಟ್ಟಿದ ಹಬ್ಬ ಮ್ಯಾಲೇ ಆಕ್ಕೈತಿ" ಎಂದಳು. ಆ ವಾರ ನಾನು ನಕ್ಕದ್ದು ಅದೊಂದೇ ಸಲ.

ಕೊನೆಗೆ ವಿಲೆ ಪಾರ್ಲೆಯಲ್ಲಿ ಒಂದು ಸಿಕ್ಕಿತು. ಲಿಫ್ಟು ಇತ್ತು. ಮೊಬೈಲಿನ ಫೋಟೋಗಳಲ್ಲಿ ಎತ್ತರದ ಬೇಬಿ ಕುರ್ಚಿ, ಬಣ್ಣದ ಚಾಪೆ, ಬಾಗಿಲ ಮೇಲೆ ಹಾಲೂಡಿಸುವ ತಾಯಿಯ ಚಿತ್ರವಿದ್ದ ಒಂದು ಪುಟ್ಟ ಕೋಣೆ. ಬೇಬಿ ಫ್ರೆಂಡ್ಲಿ ಎಂದು ಅವರೇ ಬರೆದುಕೊಂಡಿದ್ದರು. ಎಷ್ಟು ಜನ ಎಂದು ಕೇಳಿದರು. ಆರು ಜನ, ಒಂದು ಕೂಸು ಎಂದೆ.

ಆಯಿಯನ್ನೂ ಬಾ ಎಂದು ನಾನೇ ಕರೆದಿದ್ದೆ. ಆಕೆ ಇದ್ದರೆ ಕೂಸು ಸುಮ್ಮನಿರುತ್ತದೆ, ನಾನೂ ಎರಡು ತುತ್ತು ನೆಮ್ಮದಿಯಿಂದ ಉಣ್ಣಬಹುದು ಎಂಬ ಆಸೆ. ಆದರೆ ಆರು ಎಂದವಳೂ ನಾನೇ. ಎಣಿಸುವಾಗ ಆಯಿ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಭಾನುವಾರ ಆಯಿ ಇಳಕಲ್ ಸೀರೆ ಉಟ್ಟು ಬಂದಳು. ಕಡುಗೆಂಪು ಸೆರಗು, ಮಡಿಕೆಯ ಗೆರೆಗಳು ಹಾಗೇ ಎದ್ದು ಕಾಣುತ್ತಿದ್ದವು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. "ಮಾವಾರ ಹಬ್ಬಕ್ಕ ಹಳೇದು ಉಟ್ಕೊಂಡು ಬರಾಕಾಕ್ಕೈತೇನು?" ಎಂದಳು.

ಹೋಟೆಲಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದ ಹುಡುಗಿ ನಮ್ಮನ್ನು ಎಣಿಸಿದಳು. ಆಯಿಯ ಬಳಿ ಬಂದಾಗ ನಿಂತಳು. "ಹೆಲ್ಪರ್ ಹೈ ನಾ, ಮೇಡಮ್? ಇನಕೇ ಲಿಯೇ ಬಾಹರ್ ಸ್ಟೂಲ್ ಹೈ" ಎಂದು ನಗುನಗುತ್ತಲೇ, ಕೆಲಸದವರಿಗೆಂದು ಹೊರಗೆ ಲಿಫ್ಟಿನ ಪಕ್ಕ ಇಟ್ಟಿದ್ದ ಸ್ಟೂಲು ತೋರಿಸಿದಳು. ಇನ್ನೊಂದು ಕುರ್ಚಿ ಹಾಕಿಕೊಡಿ ಎಂದು ನಾನು ಹಿಂದಿಯಲ್ಲಿ ಕೇಳಿದೆ. ಆರು ಜನರ ಟೇಬಲ್ಲು, ಕುರ್ಚಿ ಉಳಿದಿಲ್ಲ ಎಂದಳು. ಗಂಡ, "ಒಳಗ ಹೋಗಿ ಕೇಳೋಣು" ಎನ್ನುತ್ತ ಮಾವನವರ ತೋಳು ಹಿಡಿದು ಮುಂದೆ ನಡೆದ. ನಾದಿನಿ ನನ್ನ ಕೈ ಒತ್ತಿ, "ಅರೆ ವೈನಿ, ಇಲ್ಲಿ ಎಲ್ಲಾರೂ ಹಂಗೇ ಮಾಡ್ತಾರ. ಆಕಿ ಹೊರಗ ಆರಾಮ್ ಕೂಡ್ತಾಳ. ಇವತ್ತ ಬಾಬಾನ ಬರ್ತ್‌ಡೇ, ಝಗಡಾ ಬ್ಯಾಡ" ಎಂದಳು.

ನಾನು ಆಯಿಯ ಮುಖ ನೋಡಿದೆ. ಆಕೆಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. "ನಡೀ ಯವ್ವಾ, ಬಾಯಾರು ಮಲಗೂ ಹೊತ್ತಾತು. ಇಲ್ಲಿ ಕೊಡು" ಎಂದು ಕೈ ಚಾಚಿದಳು. ನಾನು ಕೂಸನ್ನು ಕೊಟ್ಟೆ. ಕೊಟ್ಟು ಒಳಗೆ ಹೋದೆ.

ಒಳಗೆ ಸೂಪು ಬಂತು, ಏನೇನೋ ಬಂತು. ಎತ್ತರದ ಬೇಬಿ ಕುರ್ಚಿಯೊಂದು ಮಾವನವರ ಪಕ್ಕದಲ್ಲೇ ಬಂದು ನಿಂತಿತು. ಕೂರಲು ಬಾರದ ಐದು ತಿಂಗಳ ಕೂಸಿಗೆ ಅದರಿಂದ ಉಪಯೋಗವೇನು ಎಂದು ಫೋನಿನಲ್ಲಿ ಕೇಳುವಾಗ ನನಗೇ ಹೊಳೆದಿರಲಿಲ್ಲ. ಮಾವನವರು ಆ ಖಾಲಿ ಕುರ್ಚಿ ನೋಡಿ, "ಕೂಸೆಲ್ಲಿ? ಆಯಿ ಎಲ್ಲಿ?" ಎಂದರು. ಹೊರಗಿದ್ದಾರೆ, ಬರುತ್ತಾರೆ ಎಂದು ಅತ್ತೆಯವರು ಸಮಾಧಾನ ಹೇಳಿದರು.

ಸ್ವಲ್ಪ ಹೊತ್ತಿಗೆ ಮಗಳ ಅಳು ಗಾಜಿನಾಚೆಯಿಂದ ಕೇಳಿತು. ಎದ್ದು ಓಡಿ ಆಯಿಯ ಕೈಯಿಂದ ಕೂಸನ್ನು ತೆಗೆದುಕೊಂಡೆ. ಹಾಲೂಡಿಸುವ ಕೋಣೆಯ ಬಾಗಿಲು ನೂಕಿದರೆ ಅರ್ಧಕ್ಕೇ ನಿಂತಿತು. ಒಳಗೆ ನೆಲದಿಂದ ಮಾಡಿನವರೆಗೆ ಒಂದರ ಮೇಲೊಂದು ಕುರ್ಚಿಗಳು. ಸೀಟಿಗೆ ನೀಲಿ ಬಟ್ಟೆ ಹೊದಿಸಿದ, ನಾವು ಕೂತಿದ್ದಂಥವೇ ಕುರ್ಚಿಗಳು. ನಾನು ಅವುಗಳನ್ನು ನೋಡುತ್ತ ನಿಂತೆ. ಹೋಗಿ ಆ ಹುಡುಗಿಯನ್ನು ಕರೆತಂದು ತೋರಿಸಬೇಕಿತ್ತು. ಕೂಸು ಉಸಿರುಗಟ್ಟಿ ಅಳುತ್ತಿತ್ತು, ನನ್ನ ಕುಪ್ಪಸ ಒದ್ದೆಯಾಗಿತ್ತು.

ಆಯಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಲಿಫ್ಟಿಗೆ ಬೆನ್ನು ಮಾಡಿ ನನ್ನೆದುರು ನಿಂತು, ಇಳಕಲ್ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಲಿಫ್ಟು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಪಾರ್ಸೆಲ್ ಒಯ್ಯಲು ಬಂದವರು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಇಪ್ಪತ್ತು ನಿಮಿಷ ಆಕೆ ಕೈ ಇಳಿಸಲಿಲ್ಲ. ಆ ಕೆಂಪು ಮರೆಯೊಳಗೆ ಕೂತು ನಾನು ಸದ್ದಿಲ್ಲದೆ ಅತ್ತೆ. ಆಯಿ ಮೇಲಿನಿಂದಲೇ, "ನೀ ಅಳಬ್ಯಾಡ. ಅವರು ಹಾಲು ಕುಡ್ಯಾಕತ್ತಾರ" ಎಂದಳು.

"ಆಯಿ, ನೀ ಒಳಗ ಬಾ. ನನ್ನ ಬಾಜೂಕ ಕೂತು ಊಟ ಮಾಡು" ಎಂದೆ.

"ಬರ್ತೀನಿ. ಬಂದು ಎಲ್ಲಿ ಕೂಡ್ಲಿ?"

ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದಳು. ಕೂಸನ್ನು ಆಕೆಯ ಕೈಗೆ ಕೊಟ್ಟು ನಾನು ಮತ್ತೆ ಒಳಗೆ ಹೋದೆ.

ಕೇಕು ತಂದಾಗ ಮಾವನವರು ಚಾಕು ಹಿಡಿಯಲಿಲ್ಲ. ಕೂಸು ಬರಲಿ ಎಂದರು. ಕೂಸು ಮಲಗಿದೆ ಎಂದೆ. ಹಾಗಾದರೆ ತಾನೇ ಅಲ್ಲಿಗೆ ಹೋಗುತ್ತೇನೆಂದು ಕೋಲು ಊರಿ ಏಳಲು ನೋಡಿದರು. ಹಿಂದಿನ ಟೇಬಲಿನ ಕುರ್ಚಿ ಅವರ ಕುರ್ಚಿಗೆ ತಾಗಿಕೊಂಡಿತ್ತು, ಸರಿಯಲು ಸ್ಥಳವಿರಲಿಲ್ಲ. "ಬಾಬಾ, ಕೂಡ್ರಿ. ಎಲ್ಲಾರೂ ನೋಡ್ಲಿಕ್ಕೆ ಹತ್ಯಾರ" ಎಂದಳು ನಾದಿನಿ. ಕೂತರು. ಕೇಕು ಕತ್ತರಿಸಿದರು, ತಿನ್ನಲಿಲ್ಲ. ನಾನೊಂದು ತುಂಡನ್ನು ಕಾಗದದಲ್ಲಿ ಸುತ್ತಿ ಹೊರಗೆ ಒಯ್ದೆ. ಒಂದು ಕೈಯಲ್ಲಿ ಮಲಗಿದ ಕೂಸನ್ನು ಹಿಡಿದೇ ಆಯಿ ಅದನ್ನು ತೆಗೆದುಕೊಂಡು ಚೀಲದಲ್ಲಿಟ್ಟಳು.

ಮರುದಿನ ಎಂದಿನ ಹೊತ್ತಿಗೇ ಬಂದಳು, ಎಂದಿನಂತೆಯೇ ಎರೆದಳು. ಹೋಟೆಲು ಹೇಗಿತ್ತು ಎಂದು ಅತ್ತೆಯವರು ಏನೂ ತೋಚದೆ ಕೇಳಿಬಿಟ್ಟರು. "ಛಲೋ ಇತ್ತ ಬಿಡ್ರಿ. ಬಾಗಲಾ ತಗದಾಗೊಮ್ಮೆ ಒಳಗಿನ ತಣ್ಣನ ಗಾಳಿ ಬರ್ತಿತ್ತು" ಎಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಎಷ್ಟೋ ಸಲ ತಪ್ಪಾಯಿತೆಂದು ಹೇಳಲು ಹೊರಟೆ. ಒಮ್ಮೆ ಮಾತು ಶುರು ಮಾಡಿಯೂಬಿಟ್ಟೆ. "ಅವತ್ತು ಹೋಟೆಲಿನ್ಯಾಗ..." ಎನ್ನುವಷ್ಟರಲ್ಲಿ ಆಯಿ, "ಅವತ್ತು ಬಾಯಾರು ಎರಡು ತಾಸು ನಿದ್ದಿ ಮಾಡಿದ್ರು ನೋಡು. ಅಷ್ಟು ಯಾವತ್ತೂ ಮಾಡಿರಲಿಲ್ಲ" ಎಂದಳು. ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದಳೋ, ಆಕೆಗೆ ಆ ದಿನ ನೆನಪಿನಲ್ಲಿ ಉಳಿದದ್ದು ಅಷ್ಟೆಯೋ ತಿಳಿಯಲಿಲ್ಲ. ನಾನೂ ಅಲ್ಲಿಗೇ ಬಿಟ್ಟೆ. ಮಗಳಿಗೆ ಎಂಟು ತಿಂಗಳಾದಾಗ, ಇನ್ನು ನೀನೇ ಎರೆಯಬಹುದು ಎಂದು ನನ್ನ ಕಾಲಮೇಲೆ ಕೂಸನ್ನು ಮಲಗಿಸಿ ಕಲಿಸಿಕೊಟ್ಟು, ಬೇರೊಂದು ಹಸಿ ಕೂಸಿನ ಮನೆಗೆ ಹೋದಳು. ಆಗೀಗ ಫೋನಿನಲ್ಲಿ "ಬಾಯಾರು ಹ್ಯಾಂಗದಾರ?" ಎನ್ನುತ್ತಿದ್ದಳು.

ಮಗಳಿಗೆ ಒಂದು ವರ್ಷ ತುಂಬುವಾಗ ನಾನು ಮತ್ತೆ ಹೋಟೆಲ್ ಹುಡುಕಲು ಕೂತೆ. ಈ ಸಲ ಬೇಬಿ ಕುರ್ಚಿಯ ಬಗ್ಗೆ ಕೇಳಲಿಲ್ಲ. ಕೂಸಿಗೆ ಎರೆದ ಅಜ್ಜಿ ನಮ್ಮ ಜೊತೆ ಬರುತ್ತಾರೆ, ನಮ್ಮ ಟೇಬಲ್ಲಿಗೇ ಕೂರುತ್ತಾರೆ, ನಡೆಯುತ್ತದೆಯೇ ಎಂದಷ್ಟೇ ಕೇಳಿದೆ. ಒಬ್ಬರು ಮ್ಯಾನೇಜರನ್ನು ಕೇಳಿ ಹೇಳುತ್ತೇವೆಂದರು. ಒಬ್ಬರು ಬೇರೆ ಗಿರಾಕಿಗಳ ಮಾತು ತೆಗೆದರು. ದಾದರ್‌ನ ಒಂದು ಹಳೆಯ ಉಡುಪಿ ಹೋಟೆಲಿನ ಗಲ್ಲಾದಲ್ಲಿದ್ದವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರು ನಿಮ್ಮೊಟ್ಟಿಗೆ ಬರುವುದಲ್ವಾ ಅಮ್ಮ? ಮತ್ತೆ ನಿಮ್ಮೊಟ್ಟಿಗೆ ಅಲ್ಲದೆ ಎಲ್ಲಿ ಕೂತುಕೊಳ್ಳುವುದು?" ಎಂದರು. ಏಳು ಜನ, ಒಂದು ಕೂಸು ಎಂದು ಬರೆಸಿದೆ.

ಕೂಡಲೇ ಆಯಿಗೆ ಫೋನ್ ಮಾಡಿದೆ. ಗಂಡಸಿನ ದನಿ ಬಂತು. ಮಗ. ಬೇಸಿಗೆಗೆಂದು ಸೋಲಾಪುರಕ್ಕೆ ಬಂದಿದ್ದಳಂತೆ. ಎರಡು ದಿನ ಜ್ವರ, ಮೂರನೆಯ ದಿನ ದವಾಖಾನೆಗೆ ಒಯ್ಯುವ ದಾರಿಯಲ್ಲಿ ಹೋಗಿಬಿಟ್ಟಳು. ಒಂಬತ್ತು ದಿನವಾಗಿತ್ತು.

"ನೀವು ಯಾವ ಕೂಸಿನವ್ರು?" ಎಂದು ಅವನು ಕೇಳಿದ. "ಅವ್ವನ ಫೋನಿನ್ಯಾಗ ಯಾರ ಹೆಸರೂ ಇಲ್ರಿ. ಬರೇ ಕೂಸು ಒಂದು, ಕೂಸು ಎರಡು ಅಂತ ನಂಬರ ಅದಾವು. ದಿನಾ ಒಬ್ಬರಾದ್ರೂ ಮಾಡಾಕತ್ತಾರ."

"ಗೋರೆಗಾಂವ್‌ನ ಕೂಸು" ಎಂದೆ.

"ಗೋರೆಗಾಂವ್ದವು ಭಾಳ ಅದಾವ್ರಿ."

ಇನ್ನು ಹೇಗೆ ಗುರುತು ಹೇಳಬೇಕೋ ತಿಳಿಯಲಿಲ್ಲ. ಅವನೂ ಒತ್ತಾಯಿಸಲಿಲ್ಲ. ಹಿಂದೆ ಎಲ್ಲೋ ಟೆಂಪೋದ ಹಾರ್ನು ಕೇಳುತ್ತಿತ್ತು. "ಏನ್ ಕೆಲಸಿತ್ರಿ?" ಎಂದ. ಊಟಕ್ಕೆ ಕರೆಯಲೆಂದು ಮಾಡಿದ್ದೆ ಎನ್ನಲಿಲ್ಲ.

"ಏನಿಲ್ಲ. ಕೂಸಿಗೆ ವರ್ಷ ಆತು. ಅದನ್ನ ಹೇಳಬೇಕಂತ ಮಾಡಿದ್ದೆ."

"ಆತ್ರಿ. ಅವ್ವಗ ಹೇಳ್ತೀನಿ" ಎಂದ.

ಫೋನನ್ನು ಮೊದಲು ಇಟ್ಟದ್ದು ಅವನೋ ನಾನೋ ನೆನಪಿಲ್ಲ.