ಲಗೂ ಉಣ್ರಿ, ಮಂದಿ ನಿಂತಾರ

ಪುಣೆಯ ಖಾನಾವಳಿಯಲ್ಲಿ ನಮಗೆ ಬಡಿಸುತ್ತಿದ್ದ ಧಾರವಾಡದ ಮನುಷ್ಯನಿಗೆ ನಾವು ವಿದ್ಯಾರ್ಥಿಗಳೆಲ್ಲ ಹೆದರುತ್ತಿದ್ದೆವು. ಬಾಗಿಲಲ್ಲಿ ಕಾದವರ ಸಾಲು, ಬೆನ್ನ ಹಿಂದೆ ಮಾಲೀಕನ ಬೈಗುಳ. ಮಜ್ಜಿಗೆ ಕೇಳಿದರೂ ಗುರಾಯಿಸಿ, “ಲಗೂ ಉಣ್ರಿ, ಮಂದಿ ನಿಂತಾರ” ಅನ್ನುತ್ತಿದ್ದ.

ಚಲೇಜಾವ್ ಚಳವಳಿಯ ದಿನಗಳಲ್ಲಿ ನಾನು ಕರಪತ್ರ ಹಂಚಿದ್ದೆ. ಒಂದು ಮಧ್ಯಾಹ್ನ ಊಟದ ನಡುವೆಯೇ ಪೊಲೀಸನೊಬ್ಬ ಬಂದು ನನ್ನ ರಟ್ಟೆ ಹಿಡಿದ. ಕುದಿಯುವ ಸಾರಿನ ಪಾತ್ರೆಯೊಂದಿಗೇ ಬಡಿಸುವವನು ಅಡ್ಡ ಬಂದ. ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದು ಎಂದು ಮರಾಠಿಯಲ್ಲಿ ಹೇಳಿದ. ಮಾಲೀಕ ಹಲ್ಲು ಕಡಿದ. ಪೊಲೀಸ ಕೈಬಿಟ್ಟು ಬಾಗಿಲಿಗೆ ಹೋಗಿ ನಿಂತ.

ಊಟ ಮುಗಿದರೆ ಯೆರವಡಾ ಜೈಲು. ನಾನು ಬಾಗಿಲನ್ನೇ ನೋಡುತ್ತ ಗಬಗಬ ತಿನ್ನತೊಡಗಿದೆ. ಅವನು ಬಗ್ಗಿ ಮತ್ತೆ ಅನ್ನ ಬಡಿಸಿದ.

“ನಿಂತಾಂವ ನಿಂದ್ರಲಿ. ನೀವು ಸಾವಕಾಶ ಉಣ್ರಿ.”