ಹಿಂದಿನಿಂದ ಕರೆಯಬಾರದು

ಪರದೇಶದ ಬೆಲ್‌ರೋಸಿನಲ್ಲಿ ಮಗಳಿರುವ ಅಪಾರ್ಟ್‌ಮೆಂಟಿಗೆ ಹೊರಗಿನಿಂದ ಸಾರವೆ ಕಟ್ಟಿ ಕರಿಯ ಬಲೆ ಇಳಿಬಿಟ್ಟಿದ್ದರು. ಹಳೆಯ ಇಟ್ಟಿಗೆಗಳ ಸಂದಿಗೆ ಹೊಸ ಗಾರೆ ತುಂಬುವ ಕೆಲಸ. ಮಟಮಟ ಮಧ್ಯಾಹ್ನವೂ ಮನೆಯೊಳಗೆ ಮುಸ್ಸಂಜೆ. ಮೂರನೆಯ ಮಹಡಿಯ ಕಿಟಕಿಯಾಚೆ ಹೆಜ್ಜೆ ಸಪ್ಪಳ. ಪರದೆಯ ಮೇಲೆ ಒಂದು ನೆರಳು ಹೋಗುತ್ತಿತ್ತು, ನಿಲ್ಲುತ್ತಿತ್ತು, ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು.

ಆ ಹಿಂದೆ ಸರಿಯುವುದು ನನಗೆ ಗೊತ್ತು. ಗೌಂಡಿ ತನ್ನ ಕೆಲಸ ನೆಟ್ಟಗಿದೆಯೋ ಇಲ್ಲವೋ ನೋಡಲು ಸರಿಯುತ್ತಾನೆ. ನೆಲದ ಮೇಲಿನ ರೂಢಿ, ಮೇಲೆ ಹೋದರೂ ಬಿಡುವುದಿಲ್ಲ. ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷ ಗಾರೆ ಹೊತ್ತವಳು ನಾನು, ಬಿದ್ದವರನ್ನು ನೋಡಿದ್ದೇನೆ. ಕುಡಿದು ಬಿದ್ದವನು ಒಬ್ಬನೇ. ಒಬ್ಬ ಉಪವಾಸವಿದ್ದ. ಒಬ್ಬನ ಹಲಗೆಯ ತುದಿ ಕಟ್ಟಿರಲಿಲ್ಲ. ನನ್ನ ಗಂಡನನ್ನು ನಾನು ಊಟಕ್ಕೆ ಕರೆದೆ. ತಿರುಗಿದ, ಬಿದ್ದ. ಮೇಲೆ ನಿಂತವರನ್ನು ಹಿಂದಿನಿಂದ ಕರೆಯಬಾರದೆಂದು ಎಲ್ಲರೂ ಹೇಳಿದ್ದರು. ಅವತ್ತು ಮರೆತೆ.

ಕಟ್ಟದ ಹಲಗೆ ಎರಡು ಸಲ ಸದ್ದು ಮಾಡುತ್ತದೆ, ಕಾಲಿಟ್ಟಾಗ ಒಮ್ಮೆ, ಎತ್ತಿದಾಗ ಒಮ್ಮೆ. ಅಡುಗೆಮನೆಯ ಹೊರಗಿನ ಹಲಗೆ ಹಾಗೆ ಅನ್ನುತ್ತಿತ್ತು. ಕೆಲಸದವರೆಲ್ಲ ಊಟಕ್ಕೆ ಇಳಿದ ಮೇಲೂ ಅಂದಿತು.

ಮಗಳಿಗೆ ಹೇಳಿದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

“ಗಾಳಿ ಬೇ ಅದು. ಅವರಿಗೆಲ್ಲಾ ಸೇಫ್ಟಿ ಟ್ರೇನಿಂಗ್ ಆಗಿರ್ತೈತಿ.”

“ಹಲಗಿಗೂ ಟ್ರೇನಿಂಗ್ ಆಗೇತೇನು?”

“ನೀ ಕಿಡಕಿ ಮುಚ್ಚಿ ಸುಮ್ನ ಕುಂದರು.”

ಮರುದಿನ ಅವಳು ಆಫೀಸಿಗೆ ಹೋದ ಮೇಲೆ ನಡುಮನೆಯ ಕಿಟಕಿಯಿಂದ ಹಣಿಕಿದೆ. ಗಡ್ಡದ ಪಂಜಾಬಿಯೊಬ್ಬ ನನಗೆ ಬೆನ್ನು ಮಾಡಿ, ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಗಾರೆ ತುಂಬುತ್ತಿದ್ದ. ಸೊಂಟದ ಹಗ್ಗದ ಕೊಕ್ಕೆ ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಅವನು ಹೆಜ್ಜೆ ಹಾಕಿದಾಗೆಲ್ಲ ಹಲಗೆ ಕೂದಲೆಳೆಯಷ್ಟು ಸರಿಯುತ್ತಿತ್ತು. ಪೈಪಿನ ಮೇಲೆ ಅದರ ತುದಿ ಎರಡು ಬೆರಳಷ್ಟೇ ಉಳಿದಿತ್ತು.

ಬಾಯಿ ತೆರೆದೆ. ಮುಚ್ಚಿದೆ.

ಅಡುಗೆಮನೆಗೆ ಹೋಗಿ ಪರದೆ ಸರಿಸಿ, ಅವನಿಗೆ ಎದುರಾಗಿ ಗಾಜಿಗೆ ಮುಖ ಹಚ್ಚಿ ನಿಂತೆ. ನನ್ನನ್ನು ಕಂಡ. ಹಾಗೇ ನಿಂತ. ಬೆರಳಿನಿಂದ ಅವನ ಕಾಲಡಿಯ ಹಲಗೆ ತೋರಿಸಿ ಕಿಟಕಿ ತೆಗೆದೆ. ಒಂದು ಕಾಲು ಒಳಗಿಟ್ಟ. ಇನ್ನೊಂದನ್ನು ಎತ್ತಿದ್ದೇ ತಡ, ಹಲಗೆ ಜಾರಿ ಹೋಯಿತು. ಅದು ನೆಲ ಮುಟ್ಟಿದ ಸದ್ದು ಬಂತು. ಕೆಳಗೆ ಯಾರೂ ಇರಲಿಲ್ಲ.

ಕೂರಿಸಿ ಚಹಾ ಕೊಟ್ಟೆ. ನನ್ನ ಹರಕು ಹಿಂದಿಯಲ್ಲಿ ಕೇಳಿದೆ: “ಕೊಕ್ಕೆ ಯಾಕೆ ಹಾಕಿರಲಿಲ್ಲ?”

“ನಾಲ್ಕು ಹೆಜ್ಜೆಗೊಮ್ಮೆ ಬಿಚ್ಚಿ ಹಾಕಬೇಕು, ಮಾತಾಜಿ. ಕೆಲಸ ಸಾಗಲ್ಲ.”

“ಬಿದ್ದರೆ ಸಾಗುತ್ತದೇನು?”

ನಗಲಿಲ್ಲ. ಕಪ್ಪಿನೊಳಗೆ ನೋಡುತ್ತ ಹೇಳಿದ: “ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ತಿರುಗಬೇಕು ಅನ್ನುವಷ್ಟರಲ್ಲಿ ನೀವು ಕಂಡಿರಿ.”

ಅವನ ಹೆಸರು ನನಗೆ ಗೊತ್ತಿರಲಿಲ್ಲ. ಉಳಿದವರು ಕಟ್ಟಡದ ಆಚೆ ಬದಿಗಿದ್ದರು. ಹೆಂಗಸಿನ ದನಿಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಬಾಗಿಲಿನಿಂದ ಹೋದ. ಅವನ ಕೈಗವಸು ಮೇಜಿನ ಮೇಲೆ ಉಳಿದಿದ್ದು ಆಮೇಲೆ ಕಂಡಿತು. ಅವನಿನ್ನೂ ಮೆಟ್ಟಿಲ ಮೇಲಿದ್ದ, ಬೆನ್ನು ಕಾಣುತ್ತಿತ್ತು. ಕೈಗವಸು ಹಿಡಿದು, ಚಪ್ಪಲಿ ಬಿಟ್ಟು, ಸದ್ದು ಮಾಡದೆ ಮೂರೂ ಮಹಡಿ ಅವನ ಹಿಂದೆಯೇ ಇಳಿದೆ. ಅವನ ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ಕೆಮ್ಮಿದೆ.