ಕೋಟೆಗೆ ಹಾಲು ಹಾಕುತ್ತಿದ್ದ ಫ್ರೇನಿ

ನಮ್ಮ ಸೋದರತ್ತೆ ಫ್ರೇನಿಯ ಗಂಡ ಈಜಿಪ್ಟಿಗೆ ಹೋದ ದಂಡಿನಲ್ಲಿ ಸತ್ತ. ಆಮೇಲೆ ಹನ್ನೊಂದು ಹೆಣ್ಣುಕುದುರೆಗಳನ್ನು ಅವಳೊಬ್ಬಳೇ ಸಾಕಿ, ಅವುಗಳ ಹಾಲು ಮಾರಿ ಬದುಕಿದಳು, ಇದೇ ನಿಸಾಯದ ಬಯಲಲ್ಲಿ.

ಕೆಲವು ವರ್ಷದ ಮೇಲೆ ಪಟ್ಟಕ್ಕೆ ಬಂದ ರಾಜಕುಮಾರ ಮೂರು ವರ್ಷ ಕಪ್ಪ ಬೇಡ, ದಂಡಿಗೆ ಆಳು ಬೇಡ ಎಂದು ಸಾರಿಸಿದ. ದೊಡ್ಡ ಮನೆಗಳ ಹುಲ್ಲುಗಾವಲು ಕಿತ್ತು ನಮ್ಮಂಥವರಿಗೆ ಹಂಚಿದ. ಅತ್ತೆಯ ಪಾಲಿಗೆ ಬಂದದ್ದು ನಮ್ಮೂರ ದೊಡ್ಡ ಮನೆಯ ಅರ್ಬಾಮಿಶನ ಹೊಳೆದಂಡೆಯ ಗಾವಲು. ಅಂದಿನಿಂದ ಅರ್ಬಾಮಿಶ ಅವಳನ್ನು ಕಂಡರೆ ಹಲ್ಲು ಕಡಿಯುತ್ತಿದ್ದ.

ಏಳು ತಿಂಗಳು ಕಳೆಯಿತು. ಊರ ಮೇಲಿನ ಕೋಟೆಯಲ್ಲಿ ತಂಗಿದ್ದ ಆ ದೊರೆಯನ್ನು ಏಳು ಮಂದಿ ಸರದಾರರು ಇರಿದು ಕೊಂದರು. ಅವರಲ್ಲೊಬ್ಬ ಸಿಂಹಾಸನ ಏರಿದ. ಸತ್ತವನು ರಾಜಕುಮಾರನೇ ಅಲ್ಲ, ಅವನ ಹೆಸರಿಟ್ಟುಕೊಂಡ ಪೂಜಾರಿ ಎಂದು ಡಂಗುರವಾಯಿತು.

ಮೂರನೆಯ ದಿನ ಅರ್ಬಾಮಿಶ ಹೊಸ ದೊರೆಯ ಅಧಿಕಾರಿಯನ್ನು ಕರೆದುಕೊಂಡು ಬಂದ.

"ಕೋಟೆಗೆ ಹಾಲು ಹಾಕ್ತಿದ್ದೋಳು ಇವಳೇ, ಸ್ವಾಮಿ. ಅವನ ಮುಖ ಹತ್ರದಿಂದ ನೋಡಿದಾಳೆ. ಏಯ್, ಅವನು ಕಳ್ಳ ದೊರೆ ಅಂತ ಊರೆದುರಿಗೆ ಬೊಗಳು. ಗಾವಲು ಬಿಟ್ಟುಕೊಡು, ಕುದುರೆ ಇಟ್ಕೋ."

"ನಾನು ನೋಡಿದ್ದು ಹಾಲು ಕುಡಿದ ಬಾಯಿ," ಎಂದಳು ಅತ್ತೆ. "ಅಪ್ಪ ಯಾರು ಅಂತ ಮೀಸೆ ಮೇಲೆ ಬರ್ಕೊಂಡಿರ್ಲಿಲ್ಲ."

"ನಾಲಿಗೆ ಉದ್ದ ಆಯ್ತು ನಿಂದು!"

"ನಿನ್ನ ಹುಲ್ಲು ತಿಂದಿದ್ದು ಕುದುರೆ ಕಣೋ. ಅದರ ಮುಂದೆ ಹೋಗಿ ಕಿರುಚು."

ಜನ ನಕ್ಕರು. ಅಧಿಕಾರಿ ನಗಲಿಲ್ಲ. ಗಾವಲೂ ಹೋಯಿತು, ಹತ್ತು ಕುದುರೆಗಳೂ ಹೋದವು. ಒಂದು ಒಕ್ಕಣ್ಣಿನ ಮುದಿ ಕುದುರೆ ಉಳಿಯಿತು.

ಚಳಿಗಾಲದ ಹೊತ್ತಿಗೆ ನಮ್ಮ ಮಾದ್ಯ ನಾಡೇ ಹೊಸ ದೊರೆಯ ಮೇಲೆ ತಿರುಗಿಬಿತ್ತು. ನಾಡಿನ ಹಳೆಯ ರಾಜವಂಶದವನು ತಾನೆಂದು ಒಬ್ಬ ಎದ್ದು ನಿಂತ. ಅವನ ಕಡೆಗೆ ಮೊದಲು ಹಾರಿದವನು ಅರ್ಬಾಮಿಶ. ದಂಗೆಯ ಈಟಿಯವರನ್ನು ಕಟ್ಟಿಕೊಂಡು ಅತ್ತೆಯ ಮನೆಗೆ ಬಂದು, ಒಲೆಯ ಪಕ್ಕ ಕೂತು ಬಾರ್ಲಿ ರೊಟ್ಟಿ ತಿಂದ.

"ಅಕ್ಕಾ, ಈಗ ಹೇಳು. ಕೋಟೇಲಿ ಕೊಂದಿದ್ದು ನಿಜವಾದ ರಾಜಕುಮಾರನ್ನೇ ಅಂತ."

"ಮೊನ್ನೆ ಬೊಗಳು ಅಂದೆ, ಇವತ್ತು ಅಕ್ಕ ಆದ್ನಾ? ತಿಂದಾಯ್ತಲ್ಲ, ಎದ್ದು ನಡಿ."

ಹೋಗುವಾಗ ಅವನು ಒಕ್ಕಣ್ಣಿನ ಕುದುರೆಯನ್ನೂ ಬಿಚ್ಚಿಕೊಂಡು ಹೋದ.

ಹುಲ್ಲು ಚಿಗುರುವಷ್ಟರಲ್ಲಿ ದಂಗೆ ಮುರಿಯಿತು. ಅದರ ನಾಯಕನನ್ನು ನಾಡಿನ ರಾಜಧಾನಿ ಹಗ್ಮತಾನದಲ್ಲಿ ಶೂಲಕ್ಕೇರಿಸಿದರು. ಅದೇ ಅಧಿಕಾರಿ ಮತ್ತೆ ಊರಿಗೆ ಬಂದು, ದಂಗೆಗೆ ಹೋದವರು ಯಾರೆಂದು ಮನೆಮನೆಗೂ ಕೇಳಿದ. ಚಳಿಗಾಲವಿಡೀ ಹಾಸಿಗೆ ಹಿಡಿದಿದ್ದೆ ಎಂದು ಅರ್ಬಾಮಿಶ ಕೈಮುಗಿದ. ಅವನ ಹೆಂಡತಿ ಥ್ರಿತಿ ಅತ್ತೆಯ ತೋಳು ಹಿಡಿದುಕೊಂಡಳು.

"ಕಾಲಿಗೆ ಬೀಳ್ತೀನಿ ಕಣೇ. ಮನೇಲೇ ಇದ್ದ ಅನ್ನು. ಒಂದೇ ಮಾತು."

ಅತ್ತೆ ತೋಳು ಬಿಡಿಸಿಕೊಂಡಳು.

"ಈಟಿಯವರ ಜೊತೆ ನಮ್ಮನೆಗೆ ಬಂದಿದ್ದ. ನನ್ನ ರೊಟ್ಟಿ ತಿಂದ, ನನ್ನ ಕುದುರೆ ಹೊಡ್ಕೊಂಡು ಹೋದ. ಇದನ್ನ ಮಾತ್ರ ಕಣ್ಣಾರೆ ಕಂಡಿದೀನಿ."

ಅರ್ಬಾಮಿಶನನ್ನು ಎಳೆದುಕೊಂಡು ಹೋದರು. ಅವನು ಮರಳಿ ಬರಲಿಲ್ಲ.

ಸತ್ಯ ಬಿಡಬಾರದೂಂತ ಹೇಳಿದ್ಯಾ ಅತ್ತೆ ಎಂದು ನಾನೊಮ್ಮೆ ಕೇಳಿದೆ.

"ಹೊಟ್ಟೆಯುರಿಗೆ ಹೇಳಿದೆ ಕಣೇ. ಸತ್ಯ ಜೊತೆಗಿತ್ತು, ಅಷ್ಟೆ."

ಹೊಳೆದಂಡೆ ಹೊಸ ದೊರೆಯ ಒಬ್ಬ ಪಾರಸೀಕ ದಳಪತಿಯ ಪಾಲಾಯಿತು. ಅತ್ತೆ ಅಲ್ಲೇ ಕೂಲಿಗೆ ಸೇರಿ ಒಂಬತ್ತು ವರ್ಷ ಅವನ ಕುದುರೆಗಳ ಹಾಲು ಕರೆದಳು. ಬಾವಿಯ ಹತ್ತಿರ ಥ್ರಿತಿ ದಿನಾ ಉಗಿಯುತ್ತಿದ್ದಳು. ಅತ್ತೆ ಕೊಡ ತುಂಬಿಕೊಂಡು ಬರುತ್ತಿದ್ದಳು. ಹೋದ ಬೇಸಗೆಯಲ್ಲಿ ಅತ್ತೆ ತೀರಿಕೊಂಡಾಗ ಥ್ರಿತಿ ಹಬ್ಬವೆಂಬಂತೆ ಕುರಿ ಕೊಯ್ಯಿಸಿ, ಊರಿಗೆಲ್ಲ ವಾಸನೆ ಬರಲೆಂದು ಬಾಗಿಲು ತೆರೆದಿಟ್ಟು ಬೇಯಿಸಿದಳು. ಆ ಮನೆಯಿಂದ ನಾವು ಒಲೆಗೆ ಕೆಂಡ ತರುವುದನ್ನು ಬಿಟ್ಟಿದ್ದೇವೆ.